ಪಾರ್ಕಿನ ಹುಲ್ಲಿನಡಿಯ ಹಳೆ ನಾಣ್ಯಗಳು: ಅಮೆರಿಕದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿಯುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೆ ಊರುಗಳ ಪಾರ್ಕುಗಳಲ್ಲಿ, ಹುಲ್ಲಿನಿಂದ ಅರ್ಧ ಗೇಣು ಕೆಳಗೆ, ಅರವತ್ತು, ಎಂಬತ್ತು, ಒಮ್ಮೊಮ್ಮೆ ನೂರಿಪ್ಪತ್ತು ವರ್ಷ ಹಿಂದಿನ ಚಿಲ್ಲರೆ ಕಾಸು ಇನ್ನೂ ಬಿದ್ದಿದೆ. ಅದನ್ನು ಹುಡುಕಲು ದುಬಾರಿ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಸರಿಯಾದ ಜಾಗ, ಅನುಮತಿ ಮತ್ತು ಗುರುತು ಉಳಿಯದಂತೆ ಗುಂಡಿ ಮುಚ್ಚುವ ಕೈ. ಭಾರತದಲ್ಲಿ ಕಾನೂನು ಪೂರ್ತಿ ಬೇರೆ. ಅದರ ಬಗ್ಗೆ ಕೊನೆಯ ಪ್ರಶ್ನೆ ಓದದೆ ಯಂತ್ರವನ್ನು ಸೂಟ್‌ಕೇಸಿಗೆ ಹಾಕಬೇಡಿ.

ಪಾರ್ಕ್ ಎಲ್ಲರದ್ದೂ ಅಲ್ಲವೇ? ಅನುಮತಿ ಯಾಕೆ?

ಓಡಾಡುವುದಕ್ಕೆ ಎಲ್ಲರದ್ದು, ಅಗೆಯುವುದಕ್ಕಲ್ಲ. ಮೊದಲು ಆ ಜಾಗ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ. ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಜಾಗವಾದರೆ ಅಲ್ಲಿಗೇ ಮುಗಿಯಿತು. ಅಲ್ಲಿ ಡಿಟೆಕ್ಟರ್ ಬಳಸುವುದು ಮಾತ್ರವಲ್ಲ, ಬಳಸಲು ಸಿದ್ಧವಾದ ಯಂತ್ರವನ್ನು ಕೈಯಲ್ಲಿ ಹಿಡಿದಿರುವುದೂ ಅಪರಾಧ. ಗೆಟಿಸ್‌ಬರ್ಗ್‌ನಂಥ ಯುದ್ಧಭೂಮಿಗೆ ಕುಟುಂಬದೊಂದಿಗೆ ಹೋಗುವಾಗ ಯಂತ್ರ ಕಾರಿನಲ್ಲಿದ್ದರೆ ಬಿಚ್ಚಿ, ಕಟ್ಟಿ, ಡಿಕ್ಕಿಯಲ್ಲಿಡಿ. ಇದಲ್ಲದೆ ಫೆಡರಲ್ ಮತ್ತು ಮೂಲನಿವಾಸಿಗಳ ಜಮೀನಿನಲ್ಲಿ ನೂರು ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ತೆಗೆಯುವುದನ್ನು 1979ರ ಕಾನೂನು ತಡೆಯುತ್ತದೆ. ಅದರಡಿ ಜೈಲು ಶಿಕ್ಷೆಯೂ ಇದೆ.

ರಾಜ್ಯದ ಪಾರ್ಕುಗಳಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ನದಿ ದಂಡೆಗೆ ಅಥವಾ ಈಜುವ ಮರಳಿಗೆ ಮಾತ್ರ ಅವಕಾಶ. ನಮ್ಮ ಹವ್ಯಾಸಕ್ಕೆ ನಿಜವಾಗಿ ಒದಗುವುದು ನಗರ ಮತ್ತು ಕೌಂಟಿ ಪಾರ್ಕುಗಳು. ನ್ಯೂಯಾರ್ಕ್ ಮತ್ತು ಶಿಕಾಗೊ ನಗರಗಳಲ್ಲಿ ಪರ್ಮಿಟ್ ಬೇಕು. ಸಣ್ಣ ಊರುಗಳಲ್ಲಿ ಎಷ್ಟೋ ಕಡೆ ಲಿಖಿತ ನಿಯಮವೇ ಇರುವುದಿಲ್ಲ. ಆಗಲೂ ಸುಮ್ಮನೆ ಹೋಗಬೇಡಿ. ನಗರದ ವೆಬ್‌ಸೈಟಿನಲ್ಲಿ ಆರ್ಡಿನೆನ್ಸ್ (ನಗರದ ಸ್ಥಳೀಯ ನಿಯಮಗಳು) ಪುಟ ತೆರೆದು ‘ಮೆಟಲ್ ಡಿಟೆಕ್ಟರ್’ ಎಂದಷ್ಟೇ ಅಲ್ಲ, ‘ಅಗೆತ’, ‘ಹುಲ್ಲುಹಾಸಿಗೆ ಹಾನಿ’ ಎಂಬ ಅರ್ಥದ ಪದಗಳನ್ನೂ ಹುಡುಕಿ. ಡಿಟೆಕ್ಟರಿನ ಹೆಸರೇ ಇಲ್ಲದ ಊರಿನಲ್ಲಿ ಹುಲ್ಲು ಕೆಡಿಸಬಾರದು ಎಂಬ ನಿಯಮದಡಿಯೇ ದಂಡ ಬೀಳುವುದುಂಟು. ಪಾರ್ಕ್ ಇಲಾಖೆಗೆ ಇಮೇಲ್ ಬರೆದು ಉತ್ತರ ತರಿಸಿಕೊಂಡು, ಅದರ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ. ಫೋನಿನಲ್ಲಿ ಯಾರೋ ‘ಪರವಾಗಿಲ್ಲ’ ಎಂದಿದ್ದನ್ನು ಪಾರ್ಕಿಗೆ ಬಂದ ಪೊಲೀಸರಿಗೆ ತೋರಿಸಲಾಗುವುದಿಲ್ಲ.

ನಮ್ಮ ಮನೆ ಹೊಸ ಬಡಾವಣೆಯಲ್ಲಿದೆ. ಪಕ್ಕದ ಪಾರ್ಕಿನಲ್ಲಿ ಹಳೆ ನಾಣ್ಯ ಸಿಗುತ್ತದೆಯೇ?

ಬಹುತೇಕ ಇಲ್ಲ. 1990ರ ನಂತರ ಎದ್ದ ಉಪನಗರಗಳಲ್ಲಿ ಬುಲ್ಡೋಜರ್ ಮೇಲ್ಮಣ್ಣನ್ನೆಲ್ಲ ಕೆರೆದು ತೆಗೆದಿರುತ್ತದೆ. ಆಮೇಲೆ ಬೇರೆಲ್ಲಿಂದಲೋ ಮಣ್ಣು ತಂದು, ಸುರುಳಿ ಹುಲ್ಲು ಹಾಸಿರುತ್ತಾರೆ. ಅಲ್ಲಿ ಸಿಗುವುದು ಈಗಿನ ಕ್ವಾರ್ಟರ್ (25 ಸೆಂಟ್), ಡೈಮ್ (10 ಸೆಂಟ್), ಕೊಳೆತ ಪೆನ್ನಿ (1 ಸೆಂಟ್), ಅಲ್ಯೂಮಿನಿಯಂ ಚೂರು. ಯಂತ್ರ ಕಲಿಯಲು ಅದು ಒಳ್ಳೆಯ ಜಾಗ. ಜಾರುಬಂಡೆಯ ಕೆಳಗೆ, ಉಯ್ಯಾಲೆಯ ಅಡಿಯಲ್ಲಿ, ಮರದ ಚಕ್ಕೆ ಹಾಸಿದಲ್ಲಿ ಕೈಯಿಂದಲೇ ಕೆದಕಬಹುದು. ಬೆಳ್ಳಿ ಬೇಕಿದ್ದರೆ ಅರ್ಧ ಗಂಟೆ ಕಾರು ಓಡಿಸಿ ಹಳೆ ಪೇಟೆಯ ಪಾರ್ಕಿಗೆ ಹೋಗಬೇಕು: ಕೋರ್ಟ್ ಕಟ್ಟಡ, ರೈಲು ನಿಲ್ದಾಣ, ಇಟ್ಟಿಗೆಯ ಶಾಲೆ, ದಪ್ಪ ಬುಡದ ಓಕ್ ಮರಗಳು ಇರುವ ಕಡೆ.

ಪಾರ್ಕ್ ಎಷ್ಟು ಹಳೆಯದು ಎಂದು ತಿಳಿಯುವುದು ಹೇಗೆ?

ಸಿಗುವ ಫಲದ ಮುಕ್ಕಾಲು ಪಾಲು ಮನೆಯಲ್ಲಿ ಕೂತು ಮಾಡುವ ಈ ಕೆಲಸದಿಂದಲೇ ಬರುತ್ತದೆ. ಅಮೆರಿಕದ ಭೂಸರ್ವೇಕ್ಷಣ ಇಲಾಖೆಯ ಟೋಪೋವ್ಯೂ ತಾಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಂದ ನಕ್ಷೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. 1867ರಿಂದ ತಯಾರಾದ ಸ್ಯಾನ್‌ಬರ್ನ್ ಅಗ್ನಿವಿಮೆ ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಯಾವ ಬೀದಿಯಲ್ಲಿ ಯಾವ ಕಟ್ಟಡ ಎಷ್ಟು ಅಡಿ ಇತ್ತು ಎಂಬುದೂ ಅವುಗಳಲ್ಲಿ ಕಾಣುತ್ತದೆ. 1930ರ ದಶಕದಿಂದೀಚೆಗಿನ ವಿಮಾನದ ಫೋಟೊಗಳನ್ನು ಈಗಿನ ಉಪಗ್ರಹ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಆಗ ಇದ್ದು ಈಗ ಇಲ್ಲದ್ದು ಯಾವುದು ಎಂದು ಹುಡುಕಿ: ಬ್ಯಾಂಡ್ ನುಡಿಸುತ್ತಿದ್ದ ಮಂಟಪ, ಮುಚ್ಚಿಹೋದ ಈಜುಕೊಳ, ತೆಗೆದುಹಾಕಿದ ಬೇಸ್‌ಬಾಲ್ ಗ್ಯಾಲರಿ, ತಿರುವು ಬದಲಾದ ಕಾಲುದಾರಿ. ಊರಿನ ಲೈಬ್ರರಿಯ ಸ್ಥಳೀಯ ಇತಿಹಾಸದ ಕೋಣೆಯಲ್ಲಿ ಹಳೆ ಪೋಸ್ಟ್‌ಕಾರ್ಡುಗಳಿರುತ್ತವೆ. ಜನ ಎಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು ಎಂಬುದು ಅವುಗಳಲ್ಲಿ ಕಣ್ಣಿಗೇ ಬೀಳುತ್ತದೆ.

ಪಾರ್ಕಿನಲ್ಲಿ ಒರಟು ಕಲ್ಲಿನ ಮಂಟಪ, ಕಲ್ಲಿನ ಒಲೆ, ಕಲ್ಲಿನ ಮೆಟ್ಟಿಲು ಕಂಡರೆ ಗಮನಿಸಿ. 1935ರಿಂದ 1943ರವರೆಗೆ ನಡೆದ ಡಬ್ಲ್ಯುಪಿಎ ಎಂಬ ಸರ್ಕಾರಿ ಉದ್ಯೋಗ ಯೋಜನೆಯಲ್ಲಿ ಇಂಥ ಕೆಲಸ ದೇಶದಾದ್ಯಂತ ಆಯಿತು. ಅಂಥ ಪಾರ್ಕಿನಲ್ಲಿ ಸುಮಾರು ಮೂರು ದಶಕ ಜೇಬಿನಿಂದ ಜಾರಿದ ಡೈಮ್, ಕ್ವಾರ್ಟರ್‌ಗಳೆಲ್ಲ ಬೆಳ್ಳಿಯವೇ.

ಪಾರ್ಕಿನೊಳಗೆ ಎಲ್ಲಿಂದ ಶುರು ಮಾಡಲಿ?

ಜನ ಕೂತ, ಬಗ್ಗಿದ, ಉರುಳಿದ ಜಾಗಗಳಿಂದ. ದೊಡ್ಡ ಮರದ ನೆರಳು, ಆಟ ನೋಡುವವರು ಕೂರುವ ಇಳಿಜಾರು, ಹಿಮದಲ್ಲಿ ಮಕ್ಕಳು ಜಾರುವ ದಿಬ್ಬದ ಬುಡ, ಕುಡಿಯುವ ನೀರಿನ ನಲ್ಲಿಯ ಸುತ್ತ, ಹಳೆ ಬೆಂಚುಗಳ ಹಿಂದೆ. ಮಟ್ಟಸವಾದ ನಟ್ಟನಡುವಿನ ಆಟದ ಮೈದಾನವನ್ನು ಎಲ್ಲರೂ ಮೊದಲು ಯಂತ್ರ ಬೀಸಿ ನೋಡಿರುತ್ತಾರೆ, ಅಲ್ಲಿ ಮಣ್ಣು ಬದಲಾಗಿರುವುದೂ ಹೆಚ್ಚು. ಅಂಚುಗಳಲ್ಲಿ, ಪೊದೆಯ ಸೆರಗಿನಲ್ಲಿ ಹಳೆ ನೆಲ ಹಾಗೇ ಉಳಿದಿರುತ್ತದೆ. ಹಳೆ ನೆಲ ಹೌದೋ ಅಲ್ಲವೋ ಎಂದು ತಿಳಿಯಲು ಮರದ ಬುಡ ನೋಡಿ. ಬುಡ ಅಗಲವಾಗಿ ಹರಡಿ ಬೇರುಗಳು ಕಾಣುತ್ತಿದ್ದರೆ ನೆಲ ಮೊದಲಿನ ಮಟ್ಟದಲ್ಲೇ ಇದೆ. ಕಾಂಡ ಕಂಬದಂತೆ ನೇರವಾಗಿ ಮಣ್ಣಿಗೆ ಇಳಿದಿದ್ದರೆ ಮೇಲೆ ಮಣ್ಣು ತುಂಬಿದ್ದಾರೆ, ಹಳೆ ನಾಣ್ಯ ನಿಮ್ಮ ಯಂತ್ರದ ಕೈಗೆ ಸಿಗದ ಆಳದಲ್ಲಿದೆ.

ಯಾವ ಯಂತ್ರ ಕೊಳ್ಳಬೇಕು?

ಪಾರ್ಕಿನ ನಾಣ್ಯಕ್ಕೆ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಜಾತಿಯ ಡಿಟೆಕ್ಟರ್ ಸಾಕು. ಪಲ್ಸ್ ಇಂಡಕ್ಷನ್ ಯಂತ್ರಗಳು ಸಮುದ್ರದ ಮರಳಿಗೆ, ಚಿನ್ನದ ಗಣಿ ಸೀಮೆಗೆ ಸರಿ. ಕಬ್ಬಿಣವನ್ನು ಬೇರ್ಪಡಿಸುವುದರಲ್ಲಿ ಅವು ಹಿಂದೆ, ಹಾಗಾಗಿ ಪಾರ್ಕಿನ ಕಸದಲ್ಲಿ ನಿಮ್ಮನ್ನು ದಣಿಸುತ್ತವೆ. ಮೊದಲ ಯಂತ್ರಕ್ಕೆ 200ರಿಂದ 350 ಡಾಲರ್ ಇಟ್ಟುಕೊಂಡರೆ ಗ್ಯಾರೆಟ್ ಏಸ್, ಮೈನ್‌ಲ್ಯಾಬ್ ವ್ಯಾಂಕ್ವಿಶ್, ನೋಕ್ಟಾ ಸಿಂಪ್ಲೆಕ್ಸ್ ಸರಣಿಗಳಲ್ಲಿ ಒಂದು ಸಿಗುತ್ತದೆ. ಹವ್ಯಾಸ ಕೈ ಹಿಡಿದ ಮೇಲೆ ಇಕ್ವಿನಾಕ್ಸ್, ಲೆಜೆಂಡ್ ತರಹದ ಬಹು ಆವರ್ತನದ ಯಂತ್ರಕ್ಕೆ ಏರಬಹುದು. ಆನ್‌ಲೈನಿನಲ್ಲಿ 60 ಡಾಲರಿಗೆ ಸಿಗುವ ಹೆಸರಿಲ್ಲದ ಯಂತ್ರಗಳು 3 ಇಂಚಿಗಿಂತ ಕೆಳಗಿನ ಡೈಮನ್ನು ನಂಬುವಂತೆ ಹೇಳುವುದಿಲ್ಲ. ಹಳೆ ನಾಣ್ಯ ಇರುವುದೇ ಅದಕ್ಕಿಂತ ಕೆಳಗೆ.

ಆಳದ ಬಗ್ಗೆ ಜಾಹೀರಾತು ನಂಬಬೇಡಿ. ಕಾಯಿಲ್‌ನಿಂದ (ನೆಲದ ಮೇಲೆ ಬೀಸುವ ತಟ್ಟೆಯಂಥ ಭಾಗ) ವಸ್ತು ದೂರವಾದಂತೆ ಮರಳಿ ಬರುವ ಸಂಕೇತ ಹೆಚ್ಚುಕಡಿಮೆ ದೂರದ ಆರನೆಯ ಘಾತದಲ್ಲಿ ಕುಗ್ಗುತ್ತದೆ. ಆಳ ಎರಡರಷ್ಟಾದರೆ ಸಿಗ್ನಲ್ 64ನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ 300 ಡಾಲರಿನ ಯಂತ್ರಕ್ಕೂ 1,200 ಡಾಲರಿನ ಯಂತ್ರಕ್ಕೂ ಆಳದಲ್ಲಿ ಒಂದೆರಡು ಇಂಚಷ್ಟೇ ವ್ಯತ್ಯಾಸ. ಹೆಚ್ಚು ದುಡ್ಡು ಕೊಟ್ಟಾಗ ನಿಜವಾಗಿ ಬರುವುದು ಕಸದ ನಡುವೆ ನಾಣ್ಯವನ್ನು ಬೇರ್ಪಡಿಸುವ ಶಕ್ತಿ. ಕಸ ತುಂಬಿದ ಪಾರ್ಕಿಗೆ ಯಂತ್ರದ ಜೊತೆ ಬರುವ 11 ಇಂಚಿನ ಕಾಯಿಲ್ ಬಿಚ್ಚಿ 6 ಇಂಚಿನ ಸಣ್ಣ ಕಾಯಿಲ್ ಹಾಕಿ ನೋಡಿ. ಎಲ್ಲರೂ ‘ಮುಗಿದ ಜಾಗ’ ಎನ್ನುವಲ್ಲಿ ನಾಣ್ಯ ಸಿಗುವುದು ಹೀಗೆ.

ಬೇರೆ ಏನೇನು ಬೇಕು?

ಪಿನ್‌ಪಾಯಿಂಟರ್ ಅನಿವಾರ್ಯ. ಅದು ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್. ಗುಂಡಿಯೊಳಗೆ ನಾಣ್ಯ ಯಾವ ಬದಿಯಲ್ಲಿದೆ ಎಂದು ತೋರಿಸುತ್ತದೆ. ಅದಿಲ್ಲದಿದ್ದರೆ ಗುಂಡಿ ಎರಡರಷ್ಟು ದೊಡ್ಡದಾಗುತ್ತದೆ, ಸಲಿಕೆಯ ಮೊನೆ ನಾಣ್ಯದ ಮುಖ ಗೀರುತ್ತದೆ. ಒಂದು ಬದಿಗೆ ಗರಗಸದ ಹಲ್ಲಿರುವ, ಬಗ್ಗದ ಉಕ್ಕಿನ ಕೈಸಲಿಕೆ ಬೇಕು. ತೋಟದ ಅಗ್ಗದ ಕರಣೆ ಒಣಮಣ್ಣಿನಲ್ಲಿ ಬಗ್ಗುತ್ತದೆ. ಕೆಲವು ನಗರಗಳು ಉಪಕರಣದ ಉದ್ದಕ್ಕೆ ಮಿತಿ ಹಾಕಿವೆ, ಕೆಲವು ಸ್ಕ್ರೂಡ್ರೈವರ್ ಮಾತ್ರ ಬಿಡುತ್ತವೆ, ಕೊಳ್ಳುವ ಮೊದಲೇ ನೋಡಿ. ಎರಡಡಿ ಅಗಲದ ಬಟ್ಟೆ, ಕೈಗವಸು, ಕಸಕ್ಕೊಂದು ನಾಣ್ಯಕ್ಕೊಂದು ಖಾನೆಯ ಸೊಂಟದ ಚೀಲ, ಹೆಡ್‌ಫೋನ್, ಒಂದು ಬಾಟಲಿ ನೀರು. ಪೂರ್ವ ಕರಾವಳಿಯಲ್ಲಿ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಮನೆಗೆ ಬಂದ ಮೇಲೆ ಮೈಮೇಲೆ ರಕ್ತ ಹೀರುವ ಉಣ್ಣಿಗಳು ಹತ್ತಿವೆಯೇ ನೋಡಿಕೊಳ್ಳಿ. ಲೈಮ್ ರೋಗ ಹರಡುವುದು ಅವುಗಳಿಂದ.

ಬೆಳ್ಳಿ ನಾಣ್ಯವನ್ನು ಗುರುತಿಸುವುದು ಹೇಗೆ?

1964 ಮತ್ತು ಅದಕ್ಕೂ ಹಿಂದಿನ ಇಸವಿಯ ಡೈಮ್, ಕ್ವಾರ್ಟರ್, ಅರ್ಧ ಡಾಲರ್‌ಗಳಲ್ಲಿ 90% ಬೆಳ್ಳಿ, 10% ತಾಮ್ರ. 1965ರ ಕಾನೂನು ಡೈಮ್, ಕ್ವಾರ್ಟರ್‌ಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆಯಿತು. ಅರ್ಧ ಡಾಲರ್‌ನಲ್ಲಿ 1970ರವರೆಗೆ 40% ಉಳಿಯಿತು. ಇಸವಿ ಓದಲಾಗದಿದ್ದರೆ ಅಂಚು ನೋಡಿ: ಬೆಳ್ಳಿಯದಾದರೆ ಅಂಚು ಒಂದೇ ಬಿಳುಪು, ಹೊಸದರಲ್ಲಿ ತಾಮ್ರದ ಗೆರೆ. ತಕ್ಕಡಿ ಇದ್ದರೆ ಇನ್ನೂ ಖಚಿತ: ಬೆಳ್ಳಿಯ ಡೈಮ್ 2.50 ಗ್ರಾಂ, ಹೊಸದು 2.27, ಬೆಳ್ಳಿಯ ಕ್ವಾರ್ಟರ್ 6.25, ಹೊಸದು 5.67. ಮಣ್ಣಿನಲ್ಲಿ ಹೊಸ ಡೈಮ್ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಎಂಬತ್ತು ವರ್ಷವಾದರೂ ಗುಂಡಿಯಿಂದ ಬೆಳ್ಳಗೇ ಎದ್ದು ಬರುತ್ತದೆ. ಅದನ್ನು ನೋಡುವ ಸುಖವೇ ಬೇರೆ.

ಡೈಮ್‌ಗಳಲ್ಲಿ 1892ರಿಂದ 1916ರವರೆಗಿನದು ವಿನ್ಯಾಸಕಾರನ ಹೆಸರಿನ ‘ಬಾರ್ಬರ್’, 1916ರಿಂದ 1945ರವರೆಗಿನದು ರೆಕ್ಕೆಯ ಟೋಪಿ ತೊಟ್ಟ ‘ಮರ್ಕ್ಯುರಿ’, 1946ರಿಂದ ರೂಸ್‌ವೆಲ್ಟ್. ಪೆನ್ನಿಗಳಲ್ಲಿ 1859ರಿಂದ 1909ರವರೆಗಿನದು ‘ಇಂಡಿಯನ್ ಹೆಡ್’. 1909ರಿಂದ 1958ರವರೆಗಿನ ಲಿಂಕನ್ ಪೆನ್ನಿಯ ಹಿಂಬದಿಯಲ್ಲಿ ಎರಡು ಗೋಧಿ ತೆನೆಗಳಿರುತ್ತವೆ. ಗೋಧಿ ತೆನೆಯ ಪೆನ್ನಿ ಸಿಕ್ಕಿತೆಂದರೆ ಆ ನೆಲದಲ್ಲಿ ಬೆಳ್ಳಿ ಇರುವ ಸಾಧ್ಯತೆ ಇದೆ, ಕಾಯಿಲ್ ನಿಧಾನ ಮಾಡಿ. 5 ಸೆಂಟಿನ ನಿಕ್ಕಲ್‌ಗಳಲ್ಲಿ ಯುದ್ಧಕಾಲದವನ್ನು, ಅಂದರೆ 1942ರ ಒಂದು ಭಾಗದಿಂದ 1945ರವರೆಗಿನವನ್ನು, ಬಿಡಬೇಡಿ. ಅವುಗಳಲ್ಲಿ 35% ಬೆಳ್ಳಿಯಿದೆ. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ಟಂಕಸಾಲೆಯ ದೊಡ್ಡ ಅಕ್ಷರವೇ ಅದರ ಗುರುತು.

ಪರದೆಯ ಮೇಲೆ ಬರುವ ಸಂಖ್ಯೆಯ ಅರ್ಥವೇನು?

ಲೋಹದ ವಾಹಕತೆ ಮತ್ತು ಗಾತ್ರ ಎರಡೂ ಸೇರಿದ ಅಂದಾಜು ಅದು. ಒಂದೊಂದು ಕಂಪನಿಯ ಅಳತೆ ಬೇರೆ. ಇಕ್ವಿನಾಕ್ಸ್ 600 ಮತ್ತು 800ರಲ್ಲಿ ನಿಕ್ಕಲ್ 12–13, ಸತುವಿನ ಪೆನ್ನಿ 20ರ ಆಸುಪಾಸು, ತಾಮ್ರದ ಪೆನ್ನಿ ಮತ್ತು ಹೊಸ ಡೈಮ್ 24–26, ಬೆಳ್ಳಿ ಡೈಮ್ 26–27, ಹೊಸ ಕ್ವಾರ್ಟರ್ 29–30, ಬೆಳ್ಳಿ ಕ್ವಾರ್ಟರ್ 31–32. ಇವನ್ನು ಕಂಠಪಾಠ ಮಾಡುವ ಬದಲು ನಿಮ್ಮ ಯಂತ್ರದ್ದೇ ಪಟ್ಟಿ ಮಾಡಿಕೊಳ್ಳಿ. ನಾಣ್ಯದಂಗಡಿಯಲ್ಲಿ ಸವೆದ ಬೆಳ್ಳಿ ಡೈಮ್, ಗೋಧಿ ಪೆನ್ನಿ, ಇಂಡಿಯನ್ ಹೆಡ್ ಒಂದೊಂದು ಕೊಂಡು, ಹಿತ್ತಲಿನ ಹುಲ್ಲಿನ ಮೇಲೆ ಇಟ್ಟು ಬೀಸಿ ಬರೆದಿಡಿ.

ಆಳ ಹೆಚ್ಚಾದಂತೆ ಸಂಖ್ಯೆ ಅಲ್ಲಾಡುತ್ತದೆ. 7 ಇಂಚಿನ ಕೆಳಗಿನ ಬೆಳ್ಳಿ ಡೈಮ್ ಒಮ್ಮೆ 24, ಒಮ್ಮೆ 28 ತೋರಿಸಬಹುದು. ಆದರೆ ಅದರ ದನಿ ಎರಡೂ ದಿಕ್ಕಿನಿಂದ ಬೀಸಿದಾಗ ಸಣ್ಣಗೆ, ದುಂಡಗೆ, ಒಂದೇ ಜಾಗದಲ್ಲಿ ಮರಳುತ್ತದೆ. ಸಂಖ್ಯೆಗಿಂತ ದನಿಯನ್ನು ನಂಬುವವರಿಗೇ ಹಳೆ ನಾಣ್ಯ ಹೆಚ್ಚು ಸಿಗುವುದು. ಇನ್ನೊಂದು ಮಾತು: 1982ರ ನಂತರದ ಸತುವಿನ ಪೆನ್ನಿ ಬೇಡವೆಂದು ಆ ಸಂಖ್ಯೆಗೆ ಯಂತ್ರ ದನಿ ಮಾಡದಂತೆ ಮುಚ್ಚಿಬಿಡುವವರಿದ್ದಾರೆ. ಇಂಡಿಯನ್ ಹೆಡ್ ಬರುವುದೂ ಅಲ್ಲೇ. ಆಳ 5 ಇಂಚು ದಾಟಿದ ‘ಸತು’ ಸಿಗ್ನಲನ್ನು ತೋಡದೆ ಹೋಗಬೇಡಿ.

ಪುಲ್ ಟ್ಯಾಬ್‌ಗಳ ಕಾಟ ತಪ್ಪಿಸುವುದು ಹೇಗೆ?

ಪೂರ್ತಿ ತಪ್ಪುವುದಿಲ್ಲ. ಸೋಡಾ, ಬಿಯರ್ ಡಬ್ಬಿಯ ಹಳೆ ಕಿತ್ತೆಸೆಯುವ ಉಂಗುರಗಳು ನಿಕ್ಕಲ್ಲಿನ ಸಂಖ್ಯೆಯ ಆಚೀಚೆಯೇ ಬರುತ್ತವೆ. ಚಿನ್ನದ ಉಂಗುರಗಳೂ ಅದೇ ಸಾಲಿನಲ್ಲಿವೆ. ನಿಕ್ಕಲ್ ಒಂದೇ ಸಂಖ್ಯೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಟ್ಯಾಬ್ ಮೂರ್ನಾಲ್ಕು ಸಂಖ್ಯೆ ಜಿಗಿಯುತ್ತದೆ. ಅದು ಬಿಟ್ಟರೆ ಬೇರೆ ಉಪಾಯವಿಲ್ಲ. ಬೆಳ್ಳಿಯಷ್ಟೇ ಸಾಕೆನ್ನುವವರು ಬಿಟ್ಟು ಮುಂದೆ ಹೋಗಲಿ. ಕಾಡೆಮ್ಮೆ ಚಿತ್ರದ ಹಳೆ ಬಫೆಲೊ ನಿಕ್ಕಲ್ಲೋ ಉಂಗುರವೋ ಬೇಕಾದವರು ತೋಡಲೇಬೇಕು.

ಬೆಳ್ಳಿಯ ಸಿಗ್ನಲ್ ಬಂತು, ತೋಡಿದರೆ ತುಕ್ಕು ಹಿಡಿದ ಮೊಳೆ. ಯಾಕೆ?

ಬಗ್ಗಿದ ಮೊಳೆ, ವಾಷರ್, ಚಪ್ಪಟೆ ಕಬ್ಬಿಣಗಳು ಕಾಯಿಲ್‌ನ ಕ್ಷೇತ್ರವನ್ನು ತಿರುಚಿ ದೊಡ್ಡ ಸಂಖ್ಯೆ ತೋರಿಸುತ್ತವೆ. ಮೂರು ಪರೀಕ್ಷೆ ಮಾಡಿ. ಸಿಗ್ನಲಿನ ಸುತ್ತ ಕಾಲು ಸುತ್ತು ನಡೆದು ಅಡ್ಡದಿಂದ ಬೀಸಿ. ಮೊಳೆಯಾದರೆ ಒಳ್ಳೆಯ ದನಿ ಮಾಯವಾಗಿ ಕಬ್ಬಿಣದ ಗೊರಗೊರ ದನಿ ಕೇಳುತ್ತದೆ. ಯಂತ್ರದ ಮೇಲಿನ ಪಿನ್‌ಪಾಯಿಂಟ್ ಬಟನ್ ಒತ್ತಿ. ಮೊದಲು ದನಿ ಬಂದ ಜಾಗಕ್ಕಿಂತ ಕೈಯಗಲ ಆಚೆಗೆ ತೋರಿಸಿದರೆ ಅದು ಕಬ್ಬಿಣ. ಕೊನೆಗೆ ಡಿಸ್ಕ್ರಿಮಿನೇಷನ್ (ಬೇಡದ ಲೋಹಕ್ಕೆ ದನಿ ಬಾರದಂತೆ ಮಾಡುವ ಸೆಟ್ಟಿಂಗ್) ಪೂರ್ತಿ ತೆಗೆದು ಕೇಳಿ. ಹಾಗಿದ್ದೂ ಒಂದು ದಿಕ್ಕಿನಿಂದ ಮಾತ್ರ ಚೊಕ್ಕಟವಾಗಿ ಕೇಳುವ ಸಿಗ್ನಲನ್ನು ಹಳೆ ಪಾರ್ಕಿನಲ್ಲಿ ತೋಡಿ ನೋಡುವುದೇ ಸರಿ. ಮೊಳೆಯ ಪಕ್ಕ ಮಲಗಿದ ಡೈಮ್ ಕೂಡ ಹಾಗೆಯೇ ಕೇಳುತ್ತದೆ.

ಸೆಟ್ಟಿಂಗ್ ಏನಿರಬೇಕು, ಬೀಸುವುದು ಹೇಗೆ?

ವಿದ್ಯುತ್ ತಂತಿ, ವೈಫೈ, ದೀಪದ ಕಂಬಗಳಿಂದ ಯಂತ್ರ ಸುಮ್ಮಸುಮ್ಮನೆ ಚಿಲಿಪಿಲಿ ಮಾಡುತ್ತಿದ್ದರೆ ಮೊದಲು ಗದ್ದಲ ತಗ್ಗಿಸುವ ನಾಯ್ಸ್ ಕ್ಯಾನ್ಸಲ್ ಒತ್ತಿ, ಆಮೇಲೂ ನಿಲ್ಲದಿದ್ದರೆ ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) ಎರಡೆರಡು ಅಂಕ ಇಳಿಸಿ. ಗರಿಷ್ಠದಲ್ಲಿಟ್ಟು ಗದ್ದಲ ಕೇಳುವುದಕ್ಕಿಂತ ಸ್ವಲ್ಪ ಇಳಿಸಿ ಶಾಂತವಾಗಿ ಕೇಳಿದರೆ ಆಳದ ಸಣ್ಣ ದನಿ ತಪ್ಪುವುದಿಲ್ಲ. ಹೊಸ ಜಾಗಕ್ಕೆ ಹೋದಾಗಲೆಲ್ಲ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಯಂತ್ರವನ್ನು ಅಲ್ಲಿನ ಮಣ್ಣಿಗೆ ಹೊಂದಿಸಿ. ಕಾಯಿಲ್ ನೆಲದಿಂದ ಒಂದು ಇಂಚಿನೊಳಗೆ, ನೆಲಕ್ಕೆ ಸಮಾನಾಂತರವಾಗಿರಲಿ. ಬೀಸಿನ ಎರಡು ತುದಿಯಲ್ಲಿ ಕೈ ಮೇಲೇಳುವುದು ಹೊಸಬರ ಅಭ್ಯಾಸ. ಅಲ್ಲಿ 3 ಇಂಚು ಎತ್ತಿದರೆ ಅಷ್ಟೇ ಆಳ ಕಳೆದುಕೊಂಡಿರಿ. ಪ್ರತಿ ಬೀಸು ಹಿಂದಿನ ಬೀಸಿನ ಅರ್ಧವನ್ನು ಮುಚ್ಚಲಿ. ಇಡೀ ಪಾರ್ಕ್ ಸುತ್ತುವ ಬದಲು 30 ಅಡಿ ಚೌಕ ಗುರುತಿಟ್ಟು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮುಗಿಸಿ.

ನಾಣ್ಯ ಎಷ್ಟು ಆಳದಲ್ಲಿರುತ್ತದೆ?

ಸಾಮಾನ್ಯವಾಗಿ 4ರಿಂದ 8 ಇಂಚು. ನಾಣ್ಯ ತನ್ನ ಭಾರಕ್ಕೆ ಮುಳುಗುವುದಲ್ಲ. ಎರೆಹುಳುಗಳು ಕೆಳಗಿನ ಮಣ್ಣನ್ನು ಮೇಲಕ್ಕೆ ತಂದು ಹಾಕುತ್ತವೆ, ಎಲೆ ಮತ್ತು ಕತ್ತರಿಸಿದ ಹುಲ್ಲು ಕೊಳೆತು ಪದರವಾಗುತ್ತದೆ. ಗಟ್ಟಿ ಜೇಡಿಯ ಪದರ ಸಿಕ್ಕಲ್ಲಿ ಇಳಿತ ನಿಲ್ಲುತ್ತದೆ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗುವುದರಿಂದ 1900ರ ನಾಣ್ಯ 2 ಇಂಚಿನಲ್ಲೇ ಸಿಗುವುದೂ ಉಂಟು.

ಗುಂಡಿ ತೋಡಿ ಗುರುತಿಲ್ಲದಂತೆ ಮುಚ್ಚುವ ಕ್ರಮ ತಿಳಿಸಿ.

ಈ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ. ನಗರಗಳು ಡಿಟೆಕ್ಟರ್ ನಿಷೇಧಿಸುವುದು ಯಾರೋ ಬೆಳ್ಳಿ ಹೊತ್ತೊಯ್ದರೆಂದಲ್ಲ, ಹುಲ್ಲುಹಾಸಿನಲ್ಲಿ ಸತ್ತ ಹಳದಿ ವೃತ್ತಗಳು ಎದ್ದವೆಂದು, ತೆರೆದ ಗುಂಡಿಯಲ್ಲಿ ಮಗುವಿನ ಕಾಲು ಉಳುಕಿತೆಂದು.

ಮೊದಲು ಪಿನ್‌ಪಾಯಿಂಟರನ್ನು ಹುಲ್ಲಿನ ಮೇಲೇ ಆಡಿಸಿ. ಅದು ಅಲ್ಲೇ ಕೂಗಿದರೆ ವಸ್ತು 2 ಇಂಚಿನೊಳಗಿದೆ, ಗುಂಡಿ ಬೇಡ. ಮೊನೆ ಮೊಂಡಾದ ಸ್ಕ್ರೂಡ್ರೈವರಿನಿಂದ ಸೀಳು ಮಾಡಿ ಎತ್ತಿ. ಕೂಗದಿದ್ದರೆ ಪಕ್ಕದಲ್ಲಿ ಬಟ್ಟೆ ಹಾಸಿ. ಕೈಸಲಿಕೆಯನ್ನು ನೇರವಾಗಿ 4 ಇಂಚು ಇಳಿಸಿ, ಕುದುರೆ ಲಾಳದ ಆಕಾರದಲ್ಲಿ 5ರಿಂದ 6 ಇಂಚು ಅಗಲಕ್ಕೆ ಕೊಯ್ಯಿರಿ. ಒಂದು ಬದಿ ಕೊಯ್ಯದೆ ಬಿಡಿ, ಅದೇ ಕೀಲು. ಹುಲ್ಲಿನ ಮುಚ್ಚಳವನ್ನು ಕೀಲಿನ ಮೇಲೆ ಮೆಲ್ಲಗೆ ಮಗುಚಿ. ಮುಚ್ಚಳ ತೆಳುವಾಗಿ ಕೊಯ್ದರೆ ಬೇರು ತುಂಡಾಗಿ ಹುಲ್ಲು ವಾರದೊಳಗೆ ಒಣಗುತ್ತದೆ. ಬೇರಿನ ಜೊತೆ ಕನಿಷ್ಠ 3 ಇಂಚು ಮಣ್ಣು ಇರಲೇಬೇಕು. ಹೊರಬಂದ ಪ್ರತಿ ಹಿಡಿ ಮಣ್ಣೂ ಬಟ್ಟೆಯ ಮೇಲೇ ಬೀಳಲಿ. ನಾಣ್ಯ ಸಿಕ್ಕ ಮೇಲೆ ಗುಂಡಿಯನ್ನು ಇನ್ನೊಮ್ಮೆ ಬೀಸಿ, ಒಂದರ ಕೆಳಗೆ ಇನ್ನೊಂದು ಇರುವುದು ಅಪರೂಪವಲ್ಲ. ಆಮೇಲೆ ಬಟ್ಟೆ ಮಡಚಿ ಮಣ್ಣನ್ನೆಲ್ಲ ಒಳಗೆ ಸುರಿದು, ಮುಷ್ಟಿಯಿಂದ ಒತ್ತಿ, ಮುಚ್ಚಳ ಮುಚ್ಚಿ, ಕಾಲಿನಿಂದ ತುಳಿದು, ಹುಲ್ಲನ್ನು ಬೆರಳಿನಿಂದ ಬಾಚಿ ಎಬ್ಬಿಸಿ. ನೆಲ ಒಣಗಿದ್ದರೆ ಬಾಟಲಿಯ ನೀರು ಹಾಕಿ. ಮುಗಿದ ಮೇಲೆ ಎದ್ದು ನಿಂತು ನೋಡಿದರೆ ಎಲ್ಲಿ ತೋಡಿದಿರಿ ಎಂದು ನಿಮಗೇ ತಿಳಿಯಬಾರದು.

ದಪ್ಪ ಬೇರು ಅಡ್ಡ ಬಂದರೆ ನಾಣ್ಯ ಬಿಡಿ, ಬೇರು ಕಡಿಯಬೇಡಿ. ಸ್ಪ್ರಿಂಕ್ಲರ್ ಪೈಪುಗಳೂ ದೀಪದ ತಂತಿಗಳೂ ಪಾರ್ಕುಗಳಲ್ಲಿ 8–12 ಇಂಚಿನಲ್ಲೇ ಹಾದುಹೋಗಿರುತ್ತವೆ. ಉದ್ದಕ್ಕೆ ಗೆರೆಯಂತೆ ಮುಂದುವರಿಯುವ ಸಿಗ್ನಲ್ ಬಂದರೆ ಸಲಿಕೆ ಇಳಿಸಬೇಡಿ.

ಯಾವ ಕಾಲ ಒಳ್ಳೆಯದು?

ಮಳೆಯ ಮರುದಿನ. ಒದ್ದೆ ಮಣ್ಣಿನಲ್ಲಿ ಸಿಗ್ನಲ್ ಚೆನ್ನಾಗಿ ಕೇಳುತ್ತದೆ, ಕೊಯ್ದ ಹುಲ್ಲು ಬೇಗ ಹಿಡಿಯುತ್ತದೆ. ಏಪ್ರಿಲ್–ಮೇ, ಸೆಪ್ಟೆಂಬರ್–ನವೆಂಬರ್ ಉತ್ತಮ. ಜುಲೈ–ಆಗಸ್ಟಿನ ಒಣಗಾಲದಲ್ಲಿ ಎಷ್ಟು ನಾಜೂಕಾಗಿ ಕೊಯ್ದರೂ ಹುಲ್ಲು ಸಾಯುತ್ತದೆ. ಆಗ ಮಕ್ಕಳಾಟದ ಮರದ ಚಕ್ಕೆ, ವಾಲಿಬಾಲ್ ಮರಳು ಸಾಕು.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬಹುದೇ?

ಬೇಡ, ದಯವಿಟ್ಟು ಬೇಡ. ಹಿತ್ತಾಳೆ ಪಾತ್ರೆಗೆ ಒಳ್ಳೆಯದಾದ ಹುಣಸೆಹುಳಿ, ನಿಂಬೆ, ಪೀತಾಂಬರಿ ಪುಡಿ ಹಳೆ ಪೆನ್ನಿಯ ಮೇಲ್ಪದರವನ್ನೇ ತಿನ್ನುತ್ತವೆ, ಗುಲಾಬಿ ಬಣ್ಣದ ಬೆಲೆಯಿಲ್ಲದ ಬಿಲ್ಲೆ ಉಳಿಯುತ್ತದೆ. ಗುಂಡಿಯ ಬಳಿ ನಿಂತು ಹೆಬ್ಬೆರಳಿನಿಂದ ಉಜ್ಜುವುದೂ ತಪ್ಪು. ಮಣ್ಣಿನ ಮರಳು ಕಣ ಬೆಳ್ಳಿಯನ್ನು ಗೀರುತ್ತದೆ. ಬೆಳ್ಳಿಯನ್ನು ಹರಿಯುವ ನೀರಿನಲ್ಲಿ ಹಿಡಿದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಅಷ್ಟೇ. ತಾಮ್ರವನ್ನು ಡಿಸ್ಟಿಲ್ಡ್ ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ನೀರು ಬದಲಿಸುತ್ತಾ, ಬಿದಿರಿನ ಕಡ್ಡಿಯಿಂದ ಮಣ್ಣು ಬಿಡಿಸಿ. ಬಫೆಲೊ ನಿಕ್ಕಲ್ಲಿನ ಸವೆದ ಇಸವಿಯನ್ನು ಆಮ್ಲ ಹಾಕಿ ಎಬ್ಬಿಸಬಹುದು, ಆದರೆ ಸಂಗ್ರಾಹಕರು ಅದನ್ನು ಹಾಳಾದ ನಾಣ್ಯವೆಂದೇ ಎಣಿಸುತ್ತಾರೆ. ಮೆತುವಾದ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಕಾಲಾಂತರದಲ್ಲಿ ಹಸಿರು ಅಂಟು ಏಳುತ್ತದೆ.

ಇದರಿಂದ ದುಡ್ಡು ಬರುತ್ತದೆಯೇ?

ಪೆಟ್ರೋಲ್ ಖರ್ಚೂ ಹುಟ್ಟದ ತಿಂಗಳುಗಳೇ ಹೆಚ್ಚು. ಬೆಳ್ಳಿ ಡೈಮಿನಲ್ಲಿ 0.0723 ಟ್ರಾಯ್ ಔನ್ಸ್, ಕ್ವಾರ್ಟರಿನಲ್ಲಿ 0.1808 ಔನ್ಸ್ ಬೆಳ್ಳಿಯಿದೆ. ಆ ದಿನದ ಧಾರಣೆಯಿಂದ ಗುಣಿಸಿದರೆ ಕನಿಷ್ಠ ಬೆಲೆ ಸಿಕ್ಕಿತು. ಅದಕ್ಕಿಂತ ಹೆಚ್ಚು ಬೆಲೆ ಅಪರೂಪದ ಇಸವಿ ಮತ್ತು ಟಂಕಸಾಲೆಯ ಜೋಡಿಗೆ ಮಾತ್ರ. ಡೆನ್ವರ್ ಟಂಕಸಾಲೆಯ 1916ರ ಮರ್ಕ್ಯುರಿ ಡೈಮ್ ಟಂಕಿಸಿದ್ದೇ 2,64,000. ಸ್ಯಾನ್ ಫ್ರಾನ್ಸಿಸ್ಕೊದ, ವಿನ್ಯಾಸಕಾರನ ಇನಿಷಿಯಲ್ ಇರುವ 1909ರ ಪೆನ್ನಿ 4,84,000. ಹಾಗಾಗಿ ಮರ್ಕ್ಯುರಿ ಸಿಕ್ಕರೆ ಹಿಂಬದಿಯ ಕೆಳಗೆ ಸಣ್ಣ ಅಕ್ಷರವಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಮದುವೆ ಉಂಗುರ ಸಿಕ್ಕರೆ?

ಅದು ಕಳೆದುಕೊಂಡವರದ್ದು. ಒಳಗೆ ಹೆಸರು, ತಾರೀಖು ಕೆತ್ತಿದೆಯೇ ನೋಡಿ. ಶಾಲೆಯ ಉಂಗುರವಾದರೆ ಶಾಲೆ, ವರ್ಷ, ಇನಿಷಿಯಲ್ ಮೂರೂ ಇರುತ್ತವೆ, ಹಳೆ ವಿದ್ಯಾರ್ಥಿ ಸಂಘದ ಮೂಲಕ ಮಾಲೀಕರನ್ನು ಪತ್ತೆ ಮಾಡುವುದು ಕಷ್ಟವಲ್ಲ. ಗುರುತು ಸಿಗದ ಬೆಲೆಬಾಳುವ ಒಡವೆಯನ್ನು ಪೊಲೀಸರಿಗೆ ಒಪ್ಪಿಸಬೇಕೆಂಬ ನಿಯಮ ಹಲವು ರಾಜ್ಯಗಳಲ್ಲಿದೆ. ಅವಧಿ ಮುಗಿದರೂ ಯಾರೂ ಬಾರದಿದ್ದರೆ ಅದು ಸಿಕ್ಕವರಿಗೆ ಮರಳುತ್ತದೆಯೇ ಎಂಬುದನ್ನೂ ಆಯಾ ರಾಜ್ಯದ ಕಾನೂನೇ ಹೇಳುತ್ತದೆ.

ತೆರಿಗೆ ಕಟ್ಟಬೇಕೇ?

ಅಮೆರಿಕದ ನಿಯಮದಂತೆ ಸಿಕ್ಕ ಬೆಲೆಬಾಳುವ ವಸ್ತು ನಿರ್ವಿವಾದವಾಗಿ ನಿಮ್ಮ ವಶಕ್ಕೆ ಬಂದ ವರ್ಷದ ಆದಾಯ. ಕೊಂಡ ಹಳೆ ಪಿಯಾನೊದೊಳಗೆ ಸಿಕ್ಕ 4,467 ಡಾಲರ್ ಕೂಡ ಆದಾಯವೇ ಎಂದು 1969ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ದೊಡ್ಡ ಬೆಲೆಯದು ಸಿಕ್ಕರೆ ತೆರಿಗೆ ಸಲಹೆಗಾರರನ್ನು ಕೇಳಿ.

ಪಾರ್ಕಿನಲ್ಲಿ ಯಾರಾದರೂ ಬಂದು ಪ್ರಶ್ನಿಸಿದರೆ?

ಹೆಡ್‌ಫೋನ್ ತೆಗೆದು, ಸಲಿಕೆಯನ್ನು ನೆಲದ ಮೇಲಿಟ್ಟು ಎದ್ದು ನಿಂತು ಮಾತಾಡಿ. ಕೈಸಲಿಕೆ ದೂರದಿಂದ ಚಾಕುವಿನಂತೆ ಕಾಣುತ್ತದೆ. ಪೊಲೀಸರಾದರೆ ಅನುಮತಿ ಪತ್ರ ಜೇಬಿನಲ್ಲಿದೆ ಎಂದು ಬಾಯಲ್ಲಿ ಹೇಳಿದ ಮೇಲೆಯೇ ಜೇಬಿಗೆ ಕೈ ಹಾಕಿ. ತೆಗೆದ ಕಸ ತೋರಿಸಿ: ಒಡೆದ ಡಬ್ಬಿ, ಮೊಳೆ, ಗಾಳದ ಕೊಕ್ಕೆ. ಮಕ್ಕಳು ಬರಿಗಾಲಲ್ಲಿ ಓಡುವ ಹುಲ್ಲಿನಿಂದ ಅವನ್ನು ಎತ್ತಿದ್ದೀರಿ ಎಂಬುದು ನೋಡಿದವರಿಗೆ ತಿಳಿಯುತ್ತದೆ. ಹೋಗಿ ಎಂದರೆ ಪತ್ರವಿದ್ದರೂ ಆ ಹೊತ್ತಿಗೆ ಹೊರಡಿ, ಮರುದಿನ ಇಲಾಖೆಯಲ್ಲಿ ಮಾತಾಡಿ.

ರಜೆಗೆ ಊರಿಗೆ ಹೋಗುವಾಗ ಯಂತ್ರ ಒಯ್ದು, ಹಳೆ ಕೋಟೆಯ ಸುತ್ತ ನೋಡಬಹುದೇ?

ಬೇಡ. 1878ರ ಭಾರತೀಯ ನಿಧಿ ಕಾನೂನು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ, ನೆಲದಲ್ಲಿ ಅಡಗಿದ ಯಾವುದೇ ವಸ್ತು ಸಿಕ್ಕರೂ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಹೇಳಿತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯಿದೆ. 1958ರ ಕೇಂದ್ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು, ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ಕಾನೂನನ್ನು ಬದಿಗಿಟ್ಟರೂ ಕಾರಣವಿದೆ. ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು 2019ರ ಜುಲೈನಲ್ಲಿ ನಿಧಿಗಳ್ಳರು ಒಡೆದುಹಾಕಿದರು. ಪಾಳು ಗುಡಿಗಳ ಗರ್ಭಗುಡಿ ಅಗೆದ, ಲಿಂಗ ಕಿತ್ತ ಸುದ್ದಿ ನಮ್ಮ ಜಿಲ್ಲೆಗಳಿಂದ ಬರುತ್ತಲೇ ಇರುತ್ತದೆ. ಆ ನಡುವೆ ಡಿಟೆಕ್ಟರ್ ಹಿಡಿದು ಕೋಟೆಯ ಬಳಿ ನಿಂತವರನ್ನು ಊರಿನವರು ಹಿಡಿದು ಪೊಲೀಸರಿಗೆ ಕೊಟ್ಟರೆ ಅದು ಅವರ ತಪ್ಪಲ್ಲ. ವಿಜಯನಗರದ ಒಂದು ತಾಮ್ರದ ಕಾಸು ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಪಕ್ಕ ಬಿದ್ದಿತ್ತು ಎಂಬುದೇ ಅದರ ಚರಿತ್ರೆ. ಕಿತ್ತು ತೆಗೆದ ಮೇಲೆ ಆ ಮಾಹಿತಿ ಯಾರಿಗೂ ಸಿಗುವುದಿಲ್ಲ.

ತೋಟ ಅಗೆಯುವಾಗ, ಮನೆಯ ಪಾಯ ತೆಗೆಯುವಾಗ ತಾನಾಗಿ ಏನಾದರೂ ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಿಸಿ. ವಸ್ತುವನ್ನು ಕದಲಿಸದೆ, ತೊಳೆಯದೆ, ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ತಿಳಿಸಿ, ಜಿಲ್ಲಾಧಿಕಾರಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಅದರ ಸ್ವೀಕೃತಿ ಪಡೆದುಕೊಳ್ಳಿ. ರಾಜ್ಯ ಪುರಾತತ್ವ ಇಲಾಖೆಯವರು ಬಂದು ನೋಡುವವರೆಗೆ ಗುಂಡಿಯ ಮೇಲೆ ಹಲಗೆ ಮುಚ್ಚಿಡಿ.